ಬೀಗದ ಕೈ ಯಾರ ಬಳಿ ಇದೆ?

ವಾರ್ಷಿಕ ಮಹಾಸಭೆಗಳ ಕಾಲ ಇದಾದ್ದರಿಂದಲೋ ಏನೋ, ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಮುಂದಾಳುತನ, ಗುರುತನ, ನಿಸ್ವಾರ್ಥ ಸೇವೆ ಇವುಗಳ ಸುತ್ತಲೇ ಇವೆ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು, ಇವುಗಳಿಗಷ್ಟೇ ಇಲ್ಲಿ ಉತ್ತರಿಸಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ; ಬರೆದವರ ಮತ್ತು ಸಂಸ್ಥೆಗಳ ಹೆಸರುಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಕನ್ನಡ ಸಂಘದ ಅಧ್ಯಕ್ಷರು ಹದಿನೆಂಟು ವರ್ಷಗಳಿಂದ ಅದೇ ಸ್ಥಾನದಲ್ಲಿದ್ದಾರೆ. ಸಂಘದ ಒಂದು ರೂಪಾಯಿಯನ್ನೂ ಮುಟ್ಟಿದವರಲ್ಲ. ಕೈಯಿಂದಲೇ ಸಾಕಷ್ಟು ಹಾಕಿದ್ದಾರೆ. ಬದಲಾವಣೆಯ ಮಾತೆತ್ತಿದರೆ, "ನನಗೇನು ಇದರಿಂದ ಲಾಭವೇ? ಯಾರಾದರೂ ಮುಂದೆ ಬಂದರೆ ಇವತ್ತೇ ಬಿಡುತ್ತೇನೆ" ಎನ್ನುತ್ತಾರೆ. ಯಾರೂ ಮುಂದೆ ಬರುವುದಿಲ್ಲ. ಇಂಥವರನ್ನು ನಿಸ್ವಾರ್ಥಿ ಎನ್ನಬೇಕೇ, ಬೇಡವೇ?
— ಜತೆ ಕಾರ್ಯದರ್ಶಿ, ಡೊಂಬಿವಲಿ

ಉತ್ತರ: ಹಣದ ಮಟ್ಟಿಗೆ ಅವರು ನಿಸ್ವಾರ್ಥಿಗಳೇ, ಅದನ್ನು ಒಪ್ಪಿಕೊಂಡೇ ಮುಂದಿನ ಮಾತಾಡಬೇಕು. ದಿನವೂ ಎರಡು ಹೊತ್ತು ಲೋಕಲ್ ಗಾಡಿಯಲ್ಲಿ ಜೋತು ಬಿದ್ದು ಮನೆಗೆ ಬಂದು, ರಾತ್ರಿ ಒಂಬತ್ತರ ಮೇಲೆ ಸಂಘದ ಕೆಲಸಕ್ಕೆ ಕೂರುವುದು ಎಂಥ ಕಷ್ಟ ಎಂಬುದು ಈ ಊರಿನವರಿಗೇ ಗೊತ್ತು. ಆದರೆ ಸ್ವಾರ್ಥವೆಂಬುದು ಹಣದ ದಾರಿಯಿಂದಷ್ಟೇ ಬರುವುದಿಲ್ಲ. "ನಾನಿಲ್ಲದಿದ್ದರೆ ಇದು ನಡೆಯದು" ಎಂಬ ಭಾವನೆಯಲ್ಲಿ ಒಂದು ದೊಡ್ಡ ಸುಖವಿದೆ. ಹಣ ತಿಂದವನನ್ನು ಲೆಕ್ಕಪರಿಶೋಧಕರು ಹಿಡಿದಾರು, ಈ ಸುಖವನ್ನು ಉಣ್ಣುವವರನ್ನು ಹಿಡಿಯುವವರಿಲ್ಲ.

ನಿಮ್ಮ ಸಂಘದ ಕಚೇರಿಯಲ್ಲೂ ಒಂದು ಕಬ್ಬಿಣದ ಕಪಾಟು ಇರಬಹುದು. ಅದರಲ್ಲಿ ನಡಾವಳಿ ಪುಸ್ತಕ, ರಶೀದಿ ಪುಸ್ತಕ, ಚೆಕ್ ಬುಕ್, ಸಂಘದ ಮೊಹರು, ಸದಸ್ಯರ ಯಾದಿ, ಬ್ಯಾಂಕಿನ ಠೇವಣಿ ಪತ್ರಗಳು ಇರುತ್ತವೆ. ಅದರ ಬೀಗದ ಕೈ ಯಾರ ಬಳಿ ಇದೆ? ಕಪಾಟಿನಲ್ಲಿ ಇಡಲಾಗದ ಸಂಗತಿಗಳೂ ಇವೆ: ಸಭಾಂಗಣವನ್ನು ಯಾವಾಗ, ಯಾರಿಗೆ ಹೇಳಿ ಕಾಯ್ದಿರಿಸಬೇಕು, ಸ್ಮರಣ ಸಂಚಿಕೆಗೆ ಜಾಹೀರಾತು ಕೊಡುವ ಹೋಟೆಲಿನವರನ್ನು ಯಾರ ಮೂಲಕ ಕೇಳಬೇಕು, ಊರಿನಿಂದ ಬರುವ ಯಕ್ಷಗಾನ ಮೇಳದವರೊಂದಿಗೆ ಎಷ್ಟಕ್ಕೆ ಮಾತು ಮುಗಿಸಬೇಕು, ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ನಿಜವಾದ ಬಡತನ ಯಾವುದೆಂದು ಹೇಗೆ ಗುರುತಿಸಬೇಕು. ಹದಿನೆಂಟು ವರ್ಷಗಳ ಈ ಅನುಭವವೆಲ್ಲ ಒಬ್ಬರ ತಲೆಯಲ್ಲೇ ಉಳಿದಿದ್ದರೆ ಹೊಸಬರು ಮುಂದೆ ಬರಲು ಹೆದರುವುದು ಸಹಜ. ಯಾರೂ ಬರುವುದಿಲ್ಲ ಎಂದು ಅಧ್ಯಕ್ಷರು ಹೇಳುವುದು ಸತ್ಯವೇ ಇರಬಹುದು, ಆದರೆ ಆ ಸ್ಥಿತಿಯನ್ನು ತಂದವರಲ್ಲಿ ಅವರ ಪಾಲೇ ದೊಡ್ಡದು.

ಕಾಗದಪತ್ರದ ಅಂಜಿಕೆಯೂ ಇದರಲ್ಲಿ ಸೇರಿಕೊಳ್ಳುತ್ತದೆ. ಮಹಾರಾಷ್ಟ್ರದಲ್ಲಿ ನಮ್ಮ ಸಂಘಗಳು ಸಾಮಾನ್ಯವಾಗಿ 1860ರ ಸೊಸೈಟೀಸ್ ರಿಜಿಸ್ಟ್ರೇಷನ್ ಕಾಯ್ದೆ ಮತ್ತು 1950ರ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆ, ಈ ಎರಡರಡಿಯಲ್ಲೂ ನೋಂದಾಯಿಸಲ್ಪಟ್ಟಿರುತ್ತವೆ. ಆಡಳಿತ ಮಂಡಳಿಯಲ್ಲಿ ಬದಲಾವಣೆಯಾದರೆ 90 ದಿನಗಳೊಳಗೆ ಚಾರಿಟಿ ಕಮಿಷನರರ ಕಚೇರಿಗೆ ಚೇಂಜ್ ರಿಪೋರ್ಟ್ ಸಲ್ಲಿಸಬೇಕು. ಅದಕ್ಕೆ ನಿರ್ಣಯದ ಪ್ರತಿ, ಒಪ್ಪಿಗೆ ಪತ್ರಗಳು, ಸಹಿಗಳು, ವಕೀಲರ ಬಳಿ ಓಡಾಟ ಎಲ್ಲ ಬೇಕು. "ಯಾಕೆ ತಲೆನೋವು, ಇವರೇ ಮುಂದುವರಿಯಲಿ" ಎಂದು ಸಭೆ ಚಪ್ಪಾಳೆ ತಟ್ಟಿ, ಉಪಾಹಾರಕ್ಕೆ ಏಳುವುದನ್ನು ನಾನು ಬಹಳ ಕಡೆ ನೋಡಿದ್ದೇನೆ.

ಅವಧಿ ಮುಗಿದಾಗ ಏಳುವುದು ಸೇವೆಯ ಒಂದು ಭಾಗವೇ ಎಂದು ತಿಳಿದವರು ಪುಣೆಯಲ್ಲಿ ಹಿಂದೆಯೇ ಇದ್ದರು. 1884ರಲ್ಲಿ ಸ್ಥಾಪನೆಯಾದ ಡೆಕ್ಕನ್ ಎಜುಕೇಶನ್ ಸೊಸೈಟಿಯು ಮರುವರ್ಷ ಫರ್ಗ್ಯುಸನ್ ಕಾಲೇಜನ್ನು ಆರಂಭಿಸಿತು. ಅದರ ಆಜೀವ ಸದಸ್ಯರು ಅತ್ಯಲ್ಪ ಸಂಬಳಕ್ಕೆ ಇಪ್ಪತ್ತು ವರ್ಷ ದುಡಿಯುವ ಪ್ರತಿಜ್ಞೆ ಮಾಡುತ್ತಿದ್ದರು. ಗೋಪಾಲ ಕೃಷ್ಣ ಗೋಖಲೆಯವರು ಆ ಪ್ರತಿಜ್ಞೆಯನ್ನು ಪೂರೈಸಿ 1902ರಲ್ಲಿ ಹೊರಬಂದಾಗ ಅವರಿಗೆ ಇನ್ನೂ ಮೂವತ್ತಾರು ವರ್ಷ. ಬೇಕೆಂದರೆ ಅಲ್ಲಿಯೇ ಇನ್ನಷ್ಟು ಕಾಲ ಇರಬಹುದಿತ್ತು. ಕಾಲೇಜು ಅವರಿಲ್ಲದೆಯೂ ನಡೆಯಿತು, ಇಂದಿಗೂ ನಡೆಯುತ್ತಿದೆ. ಅವರು 1905ರಲ್ಲಿ ಭಾರತ ಸೇವಕ ಸಮಾಜವನ್ನು (ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿ) ಕಟ್ಟಿದರು.

ನಿಮ್ಮ ಅಧ್ಯಕ್ಷರನ್ನು ಮಹಾಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸಬೇಡಿ. ಹದಿನೆಂಟು ವರ್ಷ ದುಡಿದವರಿಗೆ ಅದು ಅವಮಾನ, ನಿಮಗೂ ಶೋಭೆಯಲ್ಲ. ಅವರ ಮನೆಗೆ ಹೋಗಿ, ಈ ವರ್ಷದ ನೋಟುಪುಸ್ತಕ ವಿತರಣೆಯನ್ನೋ ರಾಜ್ಯೋತ್ಸವವನ್ನೋ ಖರ್ಚುವೆಚ್ಚದ ಅಧಿಕಾರ ಸಹಿತ ಇಬ್ಬರು ಕಿರಿಯರಿಗೆ ಪೂರ್ತಿಯಾಗಿ ಒಪ್ಪಿಸುವಂತೆ ಕೇಳಿಕೊಳ್ಳಿ. ಅವರು ಒಪ್ಪಿಸಿ, ಕಾರ್ಯಕ್ರಮದ ದಿನ ಮೂರನೆಯ ಸಾಲಿನಲ್ಲಿ ಕುಳಿತು, ಮೈಕಿನ ಕಡೆ ಕೈಚಾಚದೆ, ಕಿರಿಯರು ಮಾಡಿದ ಸಣ್ಣಪುಟ್ಟ ತಪ್ಪುಗಳನ್ನು ಮರುದಿನ ಒಬ್ಬೊಬ್ಬರನ್ನೇ ಕರೆದು ತಿದ್ದಿದರೆ, ನಿಮ್ಮ ಪ್ರಶ್ನೆಗೆ ಸಂತೋಷದಿಂದ 'ಹೌದು' ಎಂದುಕೊಳ್ಳಿ. ಅದರ ಜೊತೆಗೆ, ಯಾವ ಪದಾಧಿಕಾರಿಯೂ ಸತತ ಎರಡು ಅವಧಿಗಿಂತ ಹೆಚ್ಚು ಇರಬಾರದೆಂದು ಬೈಲಾಕ್ಕೆ ತಿದ್ದುಪಡಿ ತರುವ ನಿರ್ಣಯವನ್ನು ಅವರಿಂದಲೇ ಮಂಡಿಸಿ.

ಇನ್ನೊಂದು ಮಾತು. ನೀವು ಜತೆ ಕಾರ್ಯದರ್ಶಿ. ಯಾರೂ ಮುಂದೆ ಬರುವುದಿಲ್ಲ ಎಂದು ಬರೆದವರೂ ನೀವೇ.

ಪ್ರಶ್ನೆ: ಊರಿನಿಂದ ಬಂದ ಹುಡುಗರನ್ನು ಕ್ಲೀನರ್ ಕೆಲಸದಿಂದ ಹಿಡಿದು ಗಲ್ಲಾದವರೆಗೆ ಬೆಳೆಸಿದ್ದೇನೆ. ಕಳೆದ ವರ್ಷ ನನ್ನ ಮ್ಯಾನೇಜರ್ ಕೆಲಸ ಬಿಟ್ಟು, ಎರಡು ಗಲ್ಲಿ ಆಚೆ ಒಂದು ಹೋಟೆಲನ್ನು ಕಂಡಕ್ಟಿಂಗ್‌ಗೆ (ಮಾಲಕರಿಗೆ ಬಾಡಿಗೆ ಕೊಟ್ಟು ತಾನೇ ನಡೆಸಲು) ತೆಗೆದುಕೊಂಡ. ಹೋಗುವಾಗ ನಮ್ಮ ಅಡುಗೆ ಭಟ್ಟರನ್ನೂ ಕರೆದೊಯ್ದ. ಇನ್ನು ಮುಂದೆ ಯಾರಿಗೂ ಏನೂ ಕಲಿಸಬಾರದು ಎನ್ನಿಸಿದೆ.
— ಹೋಟೆಲ್ ಮಾಲಕ, ಅಂಧೇರಿ

ಉತ್ತರ: ಭಟ್ಟರ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು, ಹೇಳದೆ ಕೇಳದೆ ಕರೆದೊಯ್ದದ್ದು ಸರಿಯಲ್ಲ, ಅದನ್ನು ಆ ಹುಡುಗನಿಗೆ ಮುಖಕ್ಕೆ ಹೇಳಿಬಿಡಿ. ಆದರೆ ಅವನು ಸ್ವಂತ ಹೋಟೆಲು ಹಿಡಿದದ್ದು ನಿಮಗೆ ಮಾಡಿದ ದ್ರೋಹವೇನಲ್ಲ. ಈ ನಗರದಲ್ಲಿ ಉಡುಪಿ ಹೋಟೆಲುಗಳು ಹಬ್ಬಿದ್ದೇ ಹೀಗೆ. ನಿನ್ನೆಯ ಸಪ್ಲಾಯರ್ ಇಂದಿನ ಮಾಲಕ. ನಿಮ್ಮ ವಂಶದಲ್ಲೂ ಯಾರೋ ಒಬ್ಬರು ಇನ್ನೊಬ್ಬರ ಹೋಟೆಲಿನಲ್ಲಿ ಮೇಜು ಒರೆಸಿಯೇ ಗಲ್ಲಾಕ್ಕೆ ಬಂದಿರಬೇಕು.

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳನ್ನು ನೆನಪಿಸಿಕೊಳ್ಳಿ. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ಸಂಜೆ ಮುಖ ತೊಳೆದು ಫೋರ್ಟಿನ ಶಾಲೆಗಳ ಬೆಂಚಿನಲ್ಲಿ ಕುಳಿತು ಎಸ್ಸೆಸ್ಸಿ ಮುಗಿಸಿದರು. ಬ್ಯಾಂಕು ಸೇರಿದವರು, ವಕೀಲರಾದವರು, ಲೇಖಕರಾದವರು ಅವರಲ್ಲಿದ್ದಾರೆ. ಆ ಕಥೆಯನ್ನು ಹೇಳುವಾಗ ನಾವು ಹುಡುಗರ ಛಲವನ್ನು, ಮಾಸ್ತರರ ತ್ಯಾಗವನ್ನು ಕೊಂಡಾಡುತ್ತೇವೆ. ಸಂಜೆ ಗಿರಾಕಿಗಳು ಏರುವ ಹೊತ್ತಿನಲ್ಲೇ "ಹೋಗು, ಶಾಲೆಗೆ ತಡವಾಯಿತು" ಎಂದು ಕೈಗೆ ಸಿಕ್ಕ ಹುಡುಗನನ್ನು ಬಿಟ್ಟುಕೊಟ್ಟ ಮಾಲಕರನ್ನು ಅಷ್ಟಾಗಿ ನೆನೆಯುವುದಿಲ್ಲ. ಪರೀಕ್ಷೆ ಪಾಸಾದ ಹುಡುಗ ಮತ್ತೆ ಹೋಟೆಲಿಗೆ ಬರಲಾರ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಗೊತ್ತಿದ್ದೂ ಕಳುಹಿಸಿದರು. ನನ್ನ ಮಟ್ಟಿಗೆ ಮಾರ್ಗದರ್ಶಕ ಎಂಬ ಮಾತಿಗೆ ಈ ಊರಿನಲ್ಲಿ ಅವರಿಗಿಂತ ಯೋಗ್ಯರು ಸಿಗಲಾರರು.

ಕಲಿಸುವುದನ್ನು ನಿಲ್ಲಿಸಿದರೆ ನಷ್ಟ ನಿಮಗೇ. ಬೆಳಗಿನ ಜಾವ ಮಾರುಕಟ್ಟೆಯಲ್ಲಿ ತರಕಾರಿ ಆರಿಸುವುದು, ಸಾಂಬಾರಿನ ಬಣ್ಣ ನೋಡಿಯೇ ಭಟ್ಟರು ಮಸಾಲೆಯಲ್ಲಿ ಕೈ ಬಿಗಿಹಿಡಿದಿದ್ದಾರೆಂದು ತಿಳಿಯುವುದು, ಬಿಲ್ಲಿನ ಬಗ್ಗೆ ಜಗಳ ತೆಗೆದ ಗಿರಾಕಿಯನ್ನು ನಗುತ್ತಲೇ ಕಳುಹಿಸುವುದು, ಇವನ್ನೆಲ್ಲ ಕಲಿಯದ ಹುಡುಗರನ್ನು ಇಟ್ಟುಕೊಂಡು ನೀವು ಒಂದು ದಿನವೂ ಊರಿಗೆ ಹೋಗಲಾರಿರಿ. ಮುಂದಿನ ಮ್ಯಾನೇಜರನಿಗೆ ಮೊದಲೇ ಹೇಳಿ: "ಐದು ವರ್ಷ ನನ್ನೊಂದಿಗೆ ನಿಷ್ಠೆಯಿಂದ ಇರು, ಆಮೇಲೆ ನಿನ್ನ ಹೋಟೆಲಿಗೆ ನಾನೇ ಜಾಗ ನೋಡುತ್ತೇನೆ, ಬೇಕಾದರೆ ಪಾಲು ಹಾಕುತ್ತೇನೆ." ಹೇಗೂ ಹೋಗುವವನು ಹೇಳಿ ಹೋಗುವಂತಾದರೆ ನಿಮ್ಮ ಭಟ್ಟರೂ ಉಳಿಯುತ್ತಾರೆ.

ಪ್ರಶ್ನೆ: ನಾನು ಧಾರವಾಡದ ಕಡೆಯವಳು, ಪುಣೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಏಳು ಜನರ ತಂಡವನ್ನು ನಡೆಸುತ್ತೇನೆ. ತಂಡದ ತಪ್ಪನ್ನೆಲ್ಲ ನನ್ನ ಮೇಲೆ ಹಾಕಿಕೊಂಡು, ಒಳ್ಳೆಯ ಹೆಸರನ್ನೆಲ್ಲ ಅವರಿಗೆ ಕೊಟ್ಟೆ. ಕಿರಿಯರು ಸಿಕ್ಕಿಬಿದ್ದಾಗ ರಾತ್ರಿ ಎರಡರವರೆಗೆ ಕುಳಿತು ಅವರ ಕೋಡನ್ನು ನಾನೇ ಸರಿಪಡಿಸಿದ್ದೇನೆ. ಅಪ್ರೈಸಲ್‌ನಲ್ಲಿ, "ನಿಮ್ಮ ಕೆಲಸ ಕಾಣಿಸುತ್ತಿಲ್ಲ" ಎಂದರು. ನಿಸ್ವಾರ್ಥಿಯಾಗಿರುವುದು ಮೂರ್ಖತನವೇ?
— ತಂಡದ ಮುಖ್ಯಸ್ಥೆ, ಹಿಂಜವಡಿ

ಉತ್ತರ: ಮೂರ್ಖತನವಲ್ಲ, ತಂಗಿ, ಆದರೆ ನೀವು ಬರೆದ ಮೂರು ಸಂಗತಿಗಳಲ್ಲಿ ಒಂದು ಸರಿ, ಒಂದು ಅರ್ಧ ಸರಿ, ಒಂದು ತಪ್ಪು.

ತಪ್ಪಾದದ್ದು ಆ ರಾತ್ರಿಯ ದುಡಿಮೆ. ಬೆಳಗ್ಗೆ ಆಫೀಸಿಗೆ ಬಂದ ಹುಡುಗನಿಗೆ ಕಾಣುವುದು ಇಷ್ಟೆ: ನಿನ್ನೆ ಸಂಜೆ ಮುರಿದುಬಿದ್ದಿದ್ದ ಪ್ರೋಗ್ರಾಂ ಇವತ್ತು ಓಡುತ್ತಿದೆ. ಅದು ಯಾಕೆ ಮುರಿದಿತ್ತು, ಯಾವ ಸಾಲಿನಲ್ಲಿ ಎಡವಟ್ಟಾಗಿತ್ತು ಎಂಬುದು ಅವನಿಗೆ ತಿಳಿಯಲೇ ಇಲ್ಲ. ಮುಂದಿನ ಸಲ ಸಿಕ್ಕಿಬಿದ್ದಾಗ ಅವನು ಕೋಡಿನ ಕಡೆ ನೋಡುವ ಮೊದಲು ನಿಮ್ಮ ಕುರ್ಚಿಯ ಕಡೆ ನೋಡುತ್ತಾನೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಕೀಬೋರ್ಡನ್ನು ಅವನ ಮುಂದೆಯೇ ಇರಿಸಿ, ನಿಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಳ್ಳಿ. "ಲಾಗ್ ಏನು ಹೇಳುತ್ತಿದೆ? ನಿನ್ನೆ ಏನು ಬದಲಾಯಿಸಿದೆ? ಅದನ್ನು ತೆಗೆದು ನೋಡಿದರೆ ಏನಾಗುತ್ತದೆ?" ಎಂದು ಕೇಳುತ್ತ ಹೋಗಿ. ನೀವು ಹತ್ತು ನಿಮಿಷದಲ್ಲಿ ಮುಗಿಸಬಹುದಾದ ಕೆಲಸಕ್ಕೆ ಅವನು ಎರಡು ಗಂಟೆ ತೆಗೆದುಕೊಳ್ಳುತ್ತಾನೆ, ನಿಮ್ಮ ಬೆರಳುಗಳು ತುರಿಸುತ್ತವೆ. ಆ ಎರಡು ಗಂಟೆ ಸುಮ್ಮನಿರುವುದು ರಾತ್ರಿ ಎರಡರವರೆಗೆ ಎಚ್ಚರವಿರುವುದಕ್ಕಿಂತ ಕಷ್ಟದ ತ್ಯಾಗ. ರಿಲೀಸ್ ದಿನ ತಲೆಯ ಮೇಲೆ ನಿಂತಿರುವಾಗ ಇದು ಸಾಧ್ಯವಿಲ್ಲ, ಒಪ್ಪುತ್ತೇನೆ. ವಾರಕ್ಕೆ ಒಂದು ಸಮಸ್ಯೆಯನ್ನಾದರೂ ಹೀಗೆ ಬಿಡಿಸಿ.

ಅರ್ಧ ಸರಿಯಾದದ್ದು ತಪ್ಪನ್ನು ಮೈಮೇಲೆ ಹಾಕಿಕೊಳ್ಳುವುದು. ಮೇಲಿನವರ ಮುಂದೆ, ಗ್ರಾಹಕರ ಮುಂದೆ "ಹೊಣೆ ನನ್ನದು" ಎನ್ನಿ. ಅದು ಮುಂದಾಳಿನ ಧರ್ಮ. ಆದರೆ ತಪ್ಪು ಮಾಡಿದವನಿಗೆ ಅದು ಅವನದೇ ತಪ್ಪೆಂಬುದನ್ನು ಬಾಗಿಲು ಹಾಕಿಕೊಂಡು ಸ್ಪಷ್ಟವಾಗಿ ಹೇಳಲೇಬೇಕು. ಹೇಳದೆ ಮುಚ್ಚಿಟ್ಟರೆ ನಿಮಗೆ ಒಳ್ಳೆಯವರೆಂಬ ಹೆಸರು ಉಳಿಯುತ್ತದೆ, ಅವನು ಮಾತ್ರ ಇದ್ದಲ್ಲೇ ಇರುತ್ತಾನೆ.

ಸರಿಯಾದದ್ದು ಕಿರಿಯರಿಗೆ ಹೆಸರು ಕೊಡುವುದು. ಅದನ್ನು ಬಿಡಬೇಡಿ, ಕೊಡುವ ರೀತಿಯನ್ನು ತಿದ್ದಿಕೊಳ್ಳಿ. "ಇಡೀ ತಂಡದ ಶ್ರಮ" ಎಂದು ಬರೆದ ಇಮೇಲ್‌ನಿಂದ ಯಾರಿಗೂ ಉಪಯೋಗವಿಲ್ಲ. ಹಣ ಪಾವತಿಯಲ್ಲಿ ಬರುತ್ತಿದ್ದ ದೋಷವನ್ನು ಪರೀಕ್ಷೆಯ ಹಂತದಲ್ಲೇ ಕಂಡುಹಿಡಿದವರು ಇಂಥವರು ಎಂದು ಹೆಸರು ಹಿಡಿದು ಬರೆಯಿರಿ. ಅದೇ ಪ್ರಾಮಾಣಿಕತೆ ನಿಮ್ಮ ಕೆಲಸಕ್ಕೂ ಸಲ್ಲಬೇಕು. ಹೊಸದಾಗಿ ಸೇರಿದ ಯಾರು ಈಗ ನಿಮ್ಮ ಸಹಾಯವಿಲ್ಲದೆ ರಿಲೀಸ್ ನೋಡಿಕೊಳ್ಳಬಲ್ಲರು, ಅವರನ್ನು ಅಲ್ಲಿಗೆ ತರಲು ನೀವೇನು ಮಾಡಿದಿರಿ ಎಂಬುದನ್ನು ಅಪ್ರೈಸಲ್‌ನಲ್ಲಿ ಸಂಕೋಚವಿಲ್ಲದೆ ಬರೆಯಿರಿ. ಮಾಡಿದ ಕೆಲಸವನ್ನು ಮಾಡಿದೆ ಎನ್ನುವುದರಲ್ಲಿ ಯಾವ ಅಹಂಕಾರವೂ ಇಲ್ಲ.

ಪತ್ರದ ಕೊನೆಯಲ್ಲಿ ನೀವು ಸೇರಿಸಿದ ಒಂದು ವಾಕ್ಯ, ಮೀಟಿಂಗಿನ ಟಿಪ್ಪಣಿ ಬರೆಯುವುದು, ಹುಟ್ಟುಹಬ್ಬದ ಕೇಕ್ ತರಿಸುವುದು, ಬೀಳ್ಕೊಡುಗೆಗೆ ಹಣ ಸಂಗ್ರಹಿಸುವುದು ಎಲ್ಲವೂ ನಿಮ್ಮ ಪಾಲಿಗೇ ಬರುತ್ತದೆ ಎಂಬುದು, ನನಗೆ ಮುಖ್ಯವೆನ್ನಿಸಿತು. ಇದನ್ನು ಸೇವೆ ಎಂದುಕೊಂಡು ಸಹಿಸಬೇಡಿ. ಹೆಣ್ಣುಮಕ್ಕಳು ಮಾಡಿದರೆ ನಿಸ್ವಾರ್ಥ, ಗಂಡಸರು ಮಾಡಿದರೆ ಸಮಯ ವ್ಯರ್ಥ ಎಂಬ ಲೆಕ್ಕ ಇನ್ನೂ ಆಫೀಸುಗಳಲ್ಲಿ ನಡೆದಿದೆ. ನಾಳೆಯಿಂದಲೇ ಅವನ್ನು ಏಳು ಜನರಿಗೂ ಸರದಿಯಂತೆ ಹಂಚಿ.

ಪ್ರಶ್ನೆ: ನಾನು ಹುಬ್ಬಳ್ಳಿಯಿಂದ ಬಂದು ಇಲ್ಲಿ ನೆಲೆಸಿ ಹಿಂದೂಸ್ತಾನಿ ಗಾಯನ ಕಲಿಸುತ್ತೇನೆ. ಒಂಬತ್ತು ವರ್ಷ ಕಲಿತ ಶಿಷ್ಯೆಯೊಬ್ಬಳು ನನಗೆ ತಿಳಿಸದೆ ಬೇರೆ ಘರಾನೆಯ (ಗಾಯನ ಪರಂಪರೆಯ) ಗುರುಗಳ ಬಳಿ ಹೋಗತೊಡಗಿದ್ದಾಳೆ. ಮನಸ್ಸು ಮುರಿದಿದೆ. ಅವಳನ್ನು ಬಿಟ್ಟುಬಿಡಲೇ?
— ಸಂಗೀತ ಶಿಕ್ಷಕರು, ಮಡಗಾಂವ

ಉತ್ತರ: ತಿಳಿಸದೆ ಹೋದದ್ದು ತಪ್ಪು. ಆದರೆ ಅವಳು ಯಾಕೆ ತಿಳಿಸಲಿಲ್ಲ ಎಂಬುದನ್ನು ನೀವು ಯೋಚಿಸಿದ್ದೀರಾ? ಕೇಳಿದರೆ ಗುರುಗಳು ಒಪ್ಪಲಾರರು ಎಂಬ ಹೆದರಿಕೆ ಇತ್ತೆಂದೇ ನನ್ನ ಊಹೆ; ಒಂಬತ್ತು ವರ್ಷ ಎದುರು ಕುಳಿತವಳಿಗೆ ಆ ಹೆದರಿಕೆ ಉಳಿದಿತ್ತೆಂದರೆ ಅದರಲ್ಲಿ ನಿಮ್ಮ ಪಾಲೂ ಸ್ವಲ್ಪ ಇದ್ದೀತು.

ಸಂಗೀತದ ವಿಷಯ ನಿಮಗೆ ನಾನು ಹೇಳುವುದು ಅಧಿಕಪ್ರಸಂಗವೇ ಸರಿ, ಆದರೂ ನಿಮ್ಮ ನೆಲದ್ದೇ ಒಂದು ಉದಾಹರಣೆ ಇದೆ. ಗೋವೆಯ ಕುರ್ಡಿ ಗ್ರಾಮದ ಮೋಗುಬಾಯಿ ಕುರ್ಡೀಕರರು ಅಲ್ಲಾದಿಯಾ ಖಾನರ ಶಿಷ್ಯೆ; ಜೈಪುರ ಘರಾನೆಯ ಶಿಸ್ತಿನಲ್ಲಿ ಅವರಷ್ಟು ಕಟ್ಟುನಿಟ್ಟಾದವರು ಕಡಿಮೆ. ಅವರ ಮಗಳೂ ಶಿಷ್ಯೆಯೂ ಆದ ಕಿಶೋರಿ ಅಮೋಣಕರ್ ತಾಯಿಯ ಬಳಿ ಮಾತ್ರ ಕಲಿಯಲಿಲ್ಲ. ಭೆಂಡಿಬಜಾರ್ ಘರಾನೆಯ ಅಂಜನಿಬಾಯಿ ಮಾಲ್ಪೇಕರ್ ಮುಂತಾದ ಬೇರೆಯವರ ಬಳಿಯೂ ಕಲಿತರು. ಹಾಗೆ ಕಲಿತ ಮಗಳ ಹಾಡುಗಾರಿಕೆ ತಾಯಿಯದರಂತೆ ಉಳಿಯಲಿಲ್ಲ. ಜೈಪುರದ ಹೆಸರು ಅದರಿಂದ ಕುಂದಲೂ ಇಲ್ಲ.

ನಮ್ಮ ಕಡೆಯದನ್ನೇ ನೋಡಿದರೂ ಹಾಗೆಯೇ. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಮೀರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಆಮೇಲೆ ಮುಂಬಯಿಗೆ ಬಂದು ಜೈಪುರ ಘರಾನೆಯ ಮಂಜಿ ಖಾನರ ಶಿಷ್ಯರಾದರು. ಮಂಜಿ ಖಾನರು 1937ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜಿ ಖಾನರ ಬಳಿ ಮುಂದುವರಿಸಿದರು. ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಈ ಮೂವರಲ್ಲಿ ಒಬ್ಬರ ಗಾಯನ ಇನ್ನೊಬ್ಬರದರಂತಿಲ್ಲ. ಗುರು ತನ್ನ ನಕಲುಗಳನ್ನು ಬಯಸಿದ್ದರೆ ಹೀಗಾಗುತ್ತಿರಲಿಲ್ಲ. 1952ರಲ್ಲಿ ಗುರುಗಳು ತೀರಿಕೊಂಡ ಮರುವರ್ಷವೇ ಭೀಮಸೇನರು ಪುಣೆಯಲ್ಲಿ ಅವರ ಸ್ಮರಣೆಯ ಸಂಗೀತೋತ್ಸವವನ್ನು ಆರಂಭಿಸಿ, ದಶಕಗಳ ಕಾಲ ನಡೆಸಿದರು. ಸ್ವಂತ ಹೆಸರೇ ಸಭೆಯನ್ನು ತುಂಬಿಸುತ್ತಿದ್ದ ಕಾಲದಲ್ಲೂ ಆ ವೇದಿಕೆಯ ಮೇಲಿದ್ದದ್ದು ಗುರುವಿನ ಹೆಸರು. ಭೀಮಸೇನರ ಹೆಸರನ್ನು ಅದಕ್ಕೆ ಸೇರಿಸಿದ್ದು ಅವರು ತೀರಿಹೋದ ಮೇಲೆ. ಬಿಟ್ಟುಕೊಟ್ಟ ಶಿಷ್ಯರೇ ಗುರುವಿನ ಹತ್ತಿರ ಉಳಿಯುವುದು ಹೀಗೂ ಉಂಟು.

ಶಿಷ್ಯೆಯನ್ನು ಕರೆದು, ಹೊಸ ಗುರುಗಳಲ್ಲಿ ಏನು ಕಲಿಯುತ್ತಿದ್ದೀಯೆ, ಹಾಡಿ ತೋರಿಸು ಎನ್ನಿ. ಸಿಟ್ಟಿಲ್ಲದೆ ಕೇಳಿ. ಎರಡು ಪದ್ಧತಿಗಳು ಅವಳ ಗಂಟಲಲ್ಲಿ ಜಗಳವಾಡುತ್ತಿದ್ದರೆ ಅದನ್ನು ಕಂಡುಹಿಡಿಯಬಲ್ಲವರು ನೀವೇ. ಒಂಬತ್ತು ವರ್ಷ ಆ ಕಂಠವನ್ನು ಕೇಳಿದವರು ಬೇರೆ ಯಾರಿದ್ದಾರೆ?

ಪ್ರಶ್ನೆ: ಮೇಲಿನದಕ್ಕೆ ತಿರುವುಮುರುವಾದದ್ದು ನನ್ನ ಪ್ರಶ್ನೆ. ಕೊಳೆಗೇರಿಯ ಮಕ್ಕಳಿಗೆ ಪಾಠ ಹೇಳುವ ಸಂಸ್ಥೆಯೊಂದರಲ್ಲಿ ನನ್ನನ್ನು ಕೈಹಿಡಿದು ಬೆಳೆಸಿದ ಹಿರಿಯರ ವಿಚಾರಗಳನ್ನು ಈಗ ಒಪ್ಪಲಾಗುತ್ತಿಲ್ಲ. ಬೇರೆಯಾಗಿ ಕೆಲಸ ಮಾಡುವುದು ಗುರುದ್ರೋಹವಾಗುತ್ತದೆಯೇ?
— ಸ್ನಾತಕೋತ್ತರ ವಿದ್ಯಾರ್ಥಿ, ಪುಣೆ

ಉತ್ತರ: ಹಿಂದಿನ ಪ್ರಶ್ನೆಯನ್ನು ನೀವು ಓದಿರಲಿಲ್ಲವಾದ್ದರಿಂದ "ಮೇಲಿನದಕ್ಕೆ" ಎಂಬುದು ನಾನು ಸೇರಿಸಿದ್ದು, ಎರಡು ಪತ್ರಗಳೂ ಒಂದೇ ವಾರ ಕೈಸೇರಿದವು.

ನೀವಿರುವ ಊರಿನಲ್ಲೇ ಇದಕ್ಕೆ ಉತ್ತರವಿದೆ. 1915ರ ಜನವರಿಯಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕದಿಂದ ಮರಳಿದಾಗ ಪುಣೆಯಲ್ಲಿ ಅವರನ್ನು ಬರಮಾಡಿಕೊಂಡ ಗೋಖಲೆಯವರು, ಒಂದು ವರ್ಷ ದೇಶವನ್ನು ಸುತ್ತಿ ನೋಡು, ಅಲ್ಲಿಯವರೆಗೆ ಸಾರ್ವಜನಿಕ ವಿಷಯಗಳ ಬಗ್ಗೆ ಮಾತಾಡಬೇಡ ಎಂದು ಹೇಳಿದ್ದು ಎಲ್ಲರಿಗೂ ಗೊತ್ತು. ಅದರ ಹಿಂದಿನ ಸಂಗತಿ ಅಷ್ಟು ಗೊತ್ತಿಲ್ಲ. ಗಾಂಧೀಜಿ 1909ರಲ್ಲಿ ಬರೆದ 'ಹಿಂದ್ ಸ್ವರಾಜ್'ನ ವಿಚಾರಗಳು ಗೋಖಲೆಯವರಿಗೆ ಒಪ್ಪಿಗೆಯಾಗಿರಲಿಲ್ಲ. ಶಿಷ್ಯನನ್ನು ಭಾರತ ಸೇವಕ ಸಮಾಜಕ್ಕೆ ಸೇರಿಸಿಕೊಳ್ಳಬೇಕೆಂಬ ಆಸೆ ಅವರಿಗಿತ್ತು. ಉಳಿದ ಸದಸ್ಯರಿಗೆ, ಇವರ ದಾರಿಯೇ ಬೇರೆ ಎಂಬ ಅಳುಕು. ಆಗ ಗೋಖಲೆಯವರು, ಸಮಾಜ ನಿಮ್ಮನ್ನು ಸೇರಿಸಿಕೊಳ್ಳಲಿ ಬಿಡಲಿ, ನಾನಂತೂ ನಿಮ್ಮನ್ನು ಸದಸ್ಯರೆಂದೇ ಎಣಿಸುತ್ತೇನೆ ಎಂಬ ಅಭಿಪ್ರಾಯದ ಮಾತನ್ನಾಡಿದರು. ಗಾಂಧೀಜಿ ತಮ್ಮದೇ ಆಶ್ರಮ ಕಟ್ಟುವ ಯೋಚನೆ ಹೇಳಿದಾಗ ಅದರ ಖರ್ಚನ್ನು ತಾವೇ ಹೊರುವುದಾಗಿ ಹೇಳಿ, ಸಮಾಜದ ಪುಸ್ತಕದಲ್ಲಿ ಅವರ ಹೆಸರಿನಲ್ಲಿ ಲೆಕ್ಕ ತೆರೆಸಿದರು. ಒಪ್ಪದ ಶಿಷ್ಯನಿಗೆ ಖಾತೆ ತೆರೆದ ಗುರು! ಫೆಬ್ರವರಿ 19ರಂದು, 48ರ ವಯಸ್ಸಿನಲ್ಲಿ, ಗೋಖಲೆ ತೀರಿಕೊಂಡರು.

ಶಿಷ್ಯನ ನಡತೆಯೂ ಗಮನಿಸಬೇಕಾದದ್ದೇ. ಗುರುವಿನ ಮರಣಾನಂತರ ಗಾಂಧೀಜಿ ಸದಸ್ಯತ್ವಕ್ಕೆ ಅರ್ಜಿ ಹಾಕಿದರು. ಸದಸ್ಯರಲ್ಲಿ ಭಿನ್ನಾಭಿಪ್ರಾಯವಿದೆ ಎಂದು ಕಂಡಾಗ, ಬಹುಮತಕ್ಕಾಗಿ ಹಟ ಹಿಡಿಯದೆ ಅರ್ಜಿಯನ್ನು ಹಿಂದೆಗೆದುಕೊಂಡರು. ಮೌನದ ವ್ರತವನ್ನು ಪಾಲಿಸಿದರು, ಆಶ್ರಮವನ್ನು ತಮ್ಮ ರೀತಿಯಲ್ಲೇ ಅಹಮದಾಬಾದಿನಲ್ಲಿ ಕಟ್ಟಿದರು, ಗೋಖಲೆಯವರನ್ನು ರಾಜಕೀಯ ಗುರುವೆಂದು ಕೊನೆಯವರೆಗೂ ಹೇಳಿದರು.

ಆದ್ದರಿಂದ ಬೇರೆಯಾಗಿ ಕೆಲಸ ಮಾಡಿ. ಹೋಗುವ ಮೊದಲು ಹಿರಿಯರಿಗೆ ನೀವೇ ಹೇಳಿ, ನಿಮ್ಮ ಪಾಲಿನ ಮಕ್ಕಳನ್ನು ವರ್ಷದ ನಡುವೆ ಕೈಬಿಡಬೇಡಿ, ಸಂಸ್ಥೆಯ ದಾನಿಗಳ ಯಾದಿಯನ್ನು ಜೇಬಿಗೆ ಹಾಕಿಕೊಂಡು ಹೋಗಬೇಡಿ.

ಪ್ರಶ್ನೆ: ನಿಸ್ವಾರ್ಥ ಸೇವೆ ಮಾಡಿದವರು ಸನ್ಮಾನವನ್ನು ಸ್ವೀಕರಿಸಬಹುದೇ?
— ಓದುಗರು, ಘಾಟ್ಕೋಪರ್

ಉತ್ತರ: ಧಾರಾಳವಾಗಿ. ಶಾಲು, ಪೇಟ, ಫಲಪುಷ್ಪ, ಸ್ಮರಣಿಕೆ ಎಲ್ಲವನ್ನೂ ಸ್ವೀಕರಿಸಲಿ. ಸನ್ಮಾನ ಪತ್ರವನ್ನು ತಾವೇ ಬರೆದುಕೊಟ್ಟಿರಬಾರದು, ಅಷ್ಟೆ. ಪ್ರತಿವಚನವು ಸನ್ಮಾನಕ್ಕಿಂತ ಉದ್ದವಾಗದಿದ್ದರೆ ಇನ್ನೂ ಒಳ್ಳೆಯದು. ಸಭಿಕರು ಕೊನೆಯ ಫಾಸ್ಟ್ ಲೋಕಲ್ ಹಿಡಿಯಬೇಕಿರುತ್ತದೆ.

ಪ್ರಶ್ನೆ: ನನ್ನ ಯಜಮಾನರಿಗೆ ಸಮಾಜದಲ್ಲಿ ದೊಡ್ಡ ಹೆಸರು. ಯಾರ ಮನೆಯಲ್ಲಿ ಕಾಯಿಲೆಯಾದರೂ, ಯಾರ ಮಗನಿಗೆ ಕಾಲೇಜು ಸೀಟು ಬೇಕಾದರೂ ಇವರು ಹಾಜರು. ನಮ್ಮ ಮಗಳ ಹತ್ತನೆಯ ತರಗತಿಯ ಪರೀಕ್ಷೆ ಯಾವಾಗ ಎಂಬುದು ಮಾತ್ರ ಇವರಿಗೆ ಗೊತ್ತಿಲ್ಲ. ದೂರಿದರೆ, "ನೀನು ಸ್ವಾರ್ಥಿ" ಎನ್ನುತ್ತಾರೆ.
— ಗೃಹಿಣಿ, ಕಲ್ಯಾಣ್

ಉತ್ತರ: ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ನೀವು ಸ್ವಾರ್ಥಿಯಲ್ಲ. ನಿಮ್ಮ ಯಜಮಾನರು ಊರಿಗೆ ಹಂಚುತ್ತಿರುವ ಸಮಯದಲ್ಲಿ ಒಂದು ಪಾಲು ನಿಮ್ಮದು ಮತ್ತು ಮಗಳದು. ಅದನ್ನು ನಿಮ್ಮನ್ನು ಕೇಳದೆಯೇ ದಾನ ಮಾಡುತ್ತಿದ್ದಾರೆ. ಇನ್ನೊಬ್ಬರ ಗಂಟನ್ನು ಕೊಟ್ಟು ದಾನಿ ಎನ್ನಿಸಿಕೊಳ್ಳುವುದು ಸುಲಭ.

ದೊಡ್ಡವರ ಮನೆಗಳಲ್ಲೂ ಇದು ನಡೆದಿದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. 1896ರಲ್ಲಿ ವಿಧವೆಯರಿಗಾಗಿ ಆಶ್ರಮವನ್ನು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಪುಣೆಯ ಮಹರ್ಷಿ ಕರ್ವೆಯವರಿಗೆ ನೂರನೆಯ ವಯಸ್ಸಿನಲ್ಲಿ ಭಾರತ ರತ್ನ ಬಂತು. ಅವರು 1893ರಲ್ಲಿ ಮದುವೆಯಾದ ಆನಂದಿಬಾಯಿ ಸ್ವತಃ ಬಾಲವಿಧವೆಯಾಗಿದ್ದವರು, ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ ಓದಿದವರು. ಗಂಡನ ಕೆಲಸ ದೊಡ್ಡದೆಂದು ನಂಬಿ ಆಶ್ರಮಕ್ಕಾಗಿ ತಾವೂ ಹಣ ಕೂಡಿಸಿದವರು. ಅವರೂ ಆತ್ಮಕಥನ ಬರೆದಿದ್ದಾರೆ. ಆ ದೊಡ್ಡ ಕೆಲಸದ ದಿನಗಳಲ್ಲಿ ಮನೆಯ ಖರ್ಚಿಗೆ ಎಷ್ಟು ಕಷ್ಟವಿತ್ತು ಎಂಬುದು ಅದರಿಂದ ತಿಳಿಯುತ್ತದೆ. ಕರ್ವೆಯವರ ಮೇಲಿನ ನನ್ನ ಗೌರವ ಅದರಿಂದ ಕಡಿಮೆಯಾಗಿಲ್ಲ, ಆದರೆ ಸನ್ಮಾನ ಪತ್ರಗಳಲ್ಲಿ ಒಂದು ಹೆಸರು ಯಾವಾಗಲೂ ಬಿಟ್ಟುಹೋಗುತ್ತದೆ ಎಂಬುದು ಮಾತ್ರ ಮನಸ್ಸಿನಲ್ಲಿ ಉಳಿದಿದೆ.

ವಾದದಿಂದ ಇದು ಬಗೆಹರಿಯದು; "ಸೇವೆ" ಎಂಬ ಮಾತಿನ ಮುಂದೆ ಮನೆಯ ಮಾತು ಸೋಲುತ್ತದೆ. ನಿಮ್ಮ ಯಜಮಾನರು ಡೈರಿ ಇಟ್ಟುಕೊಂಡಿರುತ್ತಾರಲ್ಲವೇ, ಮಗಳ ಪರೀಕ್ಷೆಯ ವೇಳಾಪಟ್ಟಿಯನ್ನು, ವಾರಕ್ಕೆ ಒಂದು ಸಂಜೆಯನ್ನು ಅದರಲ್ಲಿ ನೀವೇ ಬರೆದುಬಿಡಿ, ಉಳಿದ ಸಭೆಗಳನ್ನು ಬರೆಯುವಂತೆಯೇ, ಸ್ಥಳ ಮತ್ತು ಸಮಯ ಸಹಿತ. ಆ ದಿನ ಸಹಾಯ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳುಹಿಸಬೇಕಾಗಿಲ್ಲ. ಇಷ್ಟು ವರ್ಷ ಇವರಿಂದ ಉಪಕಾರ ಪಡೆದವರಲ್ಲಿ ಇಬ್ಬರನ್ನು ಜೊತೆಗೆ ಸೇರಿಸಿಕೊಂಡು ಆಸ್ಪತ್ರೆ, ಕಾಲೇಜುಗಳ ಓಡಾಟವನ್ನು ಹಂಚಿಕೊಳ್ಳಲಿ. ಹಾಗೆ ಸಹಾಯ ಪಡೆದವರಲ್ಲಿ ಯಾರೂ ಇಂದು ಇನ್ನೊಬ್ಬರಿಗೆ ಸಹಾಯ ಮಾಡಲು ತಯಾರಿಲ್ಲವೆಂದು ಅವರು ಹೇಳಿದರೆ, ಡೊಂಬಿವಲಿಯ ಪತ್ರಕ್ಕೆ ಬರೆದ ಉತ್ತರವನ್ನು ಅವರಿಗೂ ಓದಲು ಕೊಡಿ.